ಕಂಠದಾನ ಮಾಡಿದವಳಿಂದ ಕೂದಲೆಳೆ ಬಿಡಿಸುವವಳಿಗೆ

ಮೈಸೂರು
ಶುಕ್ರವಾರ ರಾತ್ರಿ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಕಳೆದ ಭಾನುವಾರ ನೀನು ಫೋನಿನಲ್ಲಿ ಹೇಳಿದ ಮಾತು ವಾರವಿಡೀ ನನ್ನ ತಲೆಯಲ್ಲಿ ಕುಳಿತಿದೆ. "ನಾಲ್ಕು ವರ್ಷ ಓದಿ, ಈಗ ಬೆಳಗ್ಗೆಯಿಂದ ರಾತ್ರಿಯವರೆಗೆ ಯಾರದೋ ಕೂದಲಿನ ಸುತ್ತ ಗೆರೆ ಎಳೆಯುತ್ತಿದ್ದೇನೆ. ಇದನ್ನು ಸಿನಿಮಾ ಕೆಲಸ ಅಂತ ಯಾರ ಹತ್ತಿರ ಹೇಳಲಮ್ಮಾ?" ಎಂದೆ. ಕುಕ್ಕರ್ ಕೂಗಿತು ಎಂದು ನಾನು ಫೋನ್ ಇಟ್ಟೆ. ಕುಕ್ಕರ್ ಕೂಗಿರಲಿಲ್ಲ, ಉತ್ತರ ಹೊಳೆದಿರಲಿಲ್ಲ. ಈಗ ಹೊಳೆದಷ್ಟನ್ನು ಬರೆಯುತ್ತಿದ್ದೇನೆ. ಬರೆಯುವುದರಲ್ಲಿ ನೀನು ನಡುವೆ ಬಾಯಿ ಹಾಕಲಾರೆ ಎಂಬ ಅನುಕೂಲವೂ ಇದೆ.

ದಸರಾ ರಜೆಗೆ ಬಂದಿದ್ದಾಗ, ಸ್ಟುಡಿಯೋದ ಶಾಟ್‌ಗಳನ್ನು ಹೊರಗೆ ತೋರಿಸುವಂತಿಲ್ಲವೆಂದು ನೀನು ನನ್ನನ್ನೇ ಅಂಗಳದಲ್ಲಿ ನಡೆಸಿ, ಮೊಬೈಲಿನಲ್ಲಿ ತೆಗೆದ ನಾಲ್ಕು ಸೆಕೆಂಡುಗಳ ಚಿತ್ರವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಕುಳಿತಿದ್ದೆ. ಸೆಕೆಂಡಿಗೆ 24ರಂತೆ 96 ಫ್ರೇಮ್‌ಗಳು. ತೋಳಿಗೊಂದು ಆಕಾರ, ಮುಂಗೈಗೊಂದು, ಪ್ರತಿ ಬೆರಳಿಗೂ ಒಂದೊಂದು, ಸೆರಗಿಗೆ ಬೇರೆ. ಗಾಳಿಗೆ ಹಾರಿದ ನಾಲ್ಕು ಬಿಳಿಗೂದಲಿಗೆ ನೀನು ಹಿಡಿದ ಹೊತ್ತಿನಲ್ಲಿ ನಾನು ಒಂದು ಸೇರು ಅವರೆಕಾಳು ಹಿಚುಕಿ ಮುಗಿಸಿದ್ದೆ. ಕೊನೆಗೆ ನಮ್ಮ ಅಂಗಳ ಮಾಯವಾಗಿ ನಾನು ಯಾವುದೋ ಹಿಮದ ಬೆಟ್ಟದ ಮೇಲೆ ಹವಾಯಿ ಚಪ್ಪಲಿಯಲ್ಲಿ ನಡೆಯುತ್ತಿದ್ದೆ. ನಾನು ನಕ್ಕೆ, ನೀನು ನಗಲಿಲ್ಲ. ಕಿವಿಯ ಪಕ್ಕದ ಅಂಚು ಒಂದು ಫ್ರೇಮಿನಲ್ಲಿ ನಡುಗುತ್ತಿದೆ ಎಂದು ಮತ್ತೆ ಕೆಲಸಕ್ಕೆ ಕುಳಿತೆ. ಆ ನಡುಕ ನನಗೆ ಕಾಣಲೇ ಇಲ್ಲ. ಅದು ನಿನಗೆ ಕಂಡಿತಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಂದೊಂದು ಫ್ರೇಮಿನಲ್ಲೂ ಅಂಚಿನ ಸುತ್ತ ಗೆರೆ ಎಳೆದು ಆಕೃತಿಯನ್ನು ಹಿನ್ನೆಲೆಯಿಂದ ಬಿಡಿಸುವ ಈ ರೋಟೋ ಎಂಬ ಕೆಲಸದ ಮೂಲ ಹುಡುಕಿಕೊಂಡು ಹೋದರೆ ಸಿಗುವವನು ಮ್ಯಾಕ್ಸ್ ಫ್ಲೈಶರ್ ಎಂಬ ಅಮೆರಿಕದ ಮನುಷ್ಯ. ಅವನು ಮೊದಲು ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದ, ಆಮೇಲೆ ಒಂದು ವಿಜ್ಞಾನ ಪತ್ರಿಕೆಯ ಕಲಾ ಸಂಪಾದಕನಾಗಿದ್ದ. ತಮ್ಮನಿಗೆ ವಿದೂಷಕನ ಉಡುಪು ತೊಡಿಸಿ ಕುಣಿಸಿ, ಆ ಚಿತ್ರವನ್ನು ಒಂದೊಂದೇ ಫ್ರೇಮಿನಂತೆ ಗಾಜಿನ ಹಿಂದಿನಿಂದ ಬಿಟ್ಟು ಅದರ ಮೇಲೆ ಗೆರೆ ಎಳೆದ. ಆ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದು 1917ರಲ್ಲಿ. ನೀನು ಬೇಸರದಿಂದ ಎಳೆಯುವ ಗೆರೆಗೆ ನೂರು ವರ್ಷ ದಾಟಿದೆ.

ಇನ್ನು ನನ್ನ ಕಥೆ. ನಾನು ಡಬ್ಬಿಂಗ್ ಮಾಡುತ್ತಿದ್ದೆನೆಂಬುದು ನಿನಗೆ ಗೊತ್ತು, ಆದರೆ ಅಲ್ಲಿಗೆ ಹೋಗಿ ಬಿದ್ದದ್ದು ಹೇಗೆಂದು ನೀನು ಕೇಳಿದವಳಲ್ಲ, ನಾನೂ ಹೇಳಿದವಳಲ್ಲ. ಬಿ.ಎ. ಓದುವಾಗ ಇಲ್ಲಿನ ಆಕಾಶವಾಣಿಯ ನಾಟಕಗಳಿಗೆ ದನಿ ಕೊಡುತ್ತಿದ್ದೆ. (ಆಕಾಶವಾಣಿ ಎಂಬ ಹೆಸರಿನ ಬೇರೂ ಈ ಊರಿನದೇ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರುಮಾಡಿದರು.) ಅಲ್ಲಿ ನನ್ನ ದನಿ ಕೇಳಿದ ಒಬ್ಬ ಸಹ ನಿರ್ದೇಶಕರು ಬೆಂಗಳೂರಿಗೆ ಕರೆದರು. ನಮ್ಮ ಚಿತ್ರಗಳ ನಾಯಕಿಯರು ಅನೇಕರು ಹೊರಗಿನಿಂದ ಬರುತ್ತಿದ್ದರು, ಈಗಲೂ ಬರುತ್ತಾರೆ. ಅವರ ತುಟಿಗೆ ಕನ್ನಡ ಕೂರಿಸುವವರು ಬೇಕಿತ್ತು.

ಆ ಕಾಲದಲ್ಲಿ ದೃಶ್ಯದ ಒಂದು ತುಂಡನ್ನು ಸುತ್ತುಹಾಕಿ ಮತ್ತೆ ಮತ್ತೆ ತೆರೆಯ ಮೇಲೆ ಓಡಿಸುತ್ತಿದ್ದರು, ಅದಕ್ಕೆ ಲೂಪ್ ಎಂದೇ ಹೆಸರು. ಬಳೆ ತೆಗೆದಿಟ್ಟು, ಗಂಜಿ ಹಾಕದ ಮೆದು ಸೀರೆ ಉಟ್ಟು ಒಳಗೆ ಹೋಗಬೇಕು. ಹಸಿದ ಹೊಟ್ಟೆಯಲ್ಲಿ ಹೋದರೆ ಹೊಟ್ಟೆಯ ಸದ್ದನ್ನೂ ಮೈಕು ಬಿಡದೆ ಹಿಡಿಯುತ್ತದೆ. ನನ್ನ ಮೊದಲ ಚಿತ್ರದಲ್ಲಿ "ನನ್ನನ್ನು ಬಿಟ್ಟು ಹೋಗಬೇಡಿ" ಎಂಬ ಸಾಲು ಎಷ್ಟು ಸಲ ಹೇಳಿದರೂ ಕೂರುತ್ತಿರಲಿಲ್ಲ. ಆ ನಟಿ ಶೂಟಿಂಗಿನಲ್ಲಿ ಹೇಳಿದ್ದು ಹಿಂದಿಯಲ್ಲಿ, "ಮುಝೇ ಛೋಡ್‌ಕರ್ ಮತ್ ಜಾಯಿಯೇ" ಎಂದು. ಅವಳ ತುಟಿಗಳು ಮಾತಿನ ಆರಂಭದಲ್ಲೊಮ್ಮೆ, ನಡುವೆ ಒಮ್ಮೆ ಕೂಡುತ್ತವೆ. ನನ್ನ ಸಾಲಿನ ಮೊದಲಲ್ಲಿ ತುಟಿ ಕೂಡುವ ಅಕ್ಷರವೇ ಇಲ್ಲ. ಹನ್ನೆರಡನೆಯದೋ ಹದಿಮೂರನೆಯದೋ ಸುತ್ತಿನಲ್ಲಿ, ಮೂಲೆಯಲ್ಲಿ ಕುಳಿತಿದ್ದ ಸಂಭಾಷಣೆಕಾರರು ತಲೆ ಎತ್ತದೆ, "ಬಿಟ್ಟು ಹೋಗಬೇಡಿ ನನ್ನ, ಅಂತ ತಿರುಗಿಸಿ ಹೇಳಮ್ಮ" ಎಂದರು. ಬಿ ಮತ್ತು ಬೇ ಎರಡೂ ಅವಳ ತುಟಿಗೆ ಸರಿಯಾಗಿ ಹೋಗಿ ಕುಳಿತವು. ಅವರು ಮೊದಲು ಹೈಸ್ಕೂಲಿನಲ್ಲಿ ವ್ಯಾಕರಣ ಪಾಠ ಮಾಡುತ್ತಿದ್ದವರು. ವಾಕ್ಯದ ಪದಗಳನ್ನು ಹಿಂದುಮುಂದು ಮಾಡಿದರೂ ಕನ್ನಡದಲ್ಲಿ ಅರ್ಥ ಕೆಡುವುದಿಲ್ಲ ಎಂಬ ಪಾಠವು ಸಂಬಳ ತರುವ ವಿದ್ಯೆಯಾದದ್ದನ್ನು ನಾನು ಅಂದು ಕಣ್ಣಾರೆ ನೋಡಿದೆ.

ಅದೇ ಚಿತ್ರದ ಎಫೆಕ್ಟ್ಸ್ ಕೆಲಸ, ಎಂದರೆ ದೃಶ್ಯಕ್ಕೆ ಸದ್ದು ಕೂರಿಸುವ ಕೆಲಸ, ನಡೆಯುವಾಗ ಒಮ್ಮೆ ಇಣುಕಿದ್ದೆ. ದಪ್ಪ ಮೀಸೆಯ ಒಬ್ಬರು ಚೀಲದ ತುಂಬ ಹಳೆಯ ಪಾದರಕ್ಷೆಗಳನ್ನು ತಂದು, ಹೆಂಗಸರ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಕಾಲಿಗೆ ತುರುಕಿಕೊಂಡು, ತೆರೆಯ ಮೇಲಿನ ನಾಯಕಿ ಮೆಟ್ಟಿಲಿಳಿದಂತೆಲ್ಲ ಹಲಗೆಯ ಮೇಲೆ ಟಕಟಕ ಎಂದು ಹೆಜ್ಜೆ ಹಾಕುತ್ತಿದ್ದರು. ಅದಕ್ಕೂ ಮೊದಲು ಅವರು ನಾಟಕ ಕಂಪನಿಯೊಂದರಲ್ಲಿ ತಬಲಾ ಬಾರಿಸುತ್ತಿದ್ದರಂತೆ. ಜನ ಮೆಚ್ಚಿದ್ದು ಒಬ್ಬಳು ನಾಯಕಿಯನ್ನು. ಅವಳ ಮಾತು ನನ್ನದು, ಹಾಡು ಇನ್ನೊಬ್ಬರದು, ನಡಿಗೆಯ ಸದ್ದು ಈ ಮೀಸೆಯವರದು.

ಟೈಟಲ್ ಕಾರ್ಡಿನಲ್ಲಿ ನಮ್ಮ ಕೆಲಸಕ್ಕೆ "ಕಂಠದಾನ" ಎಂದು ಬರೆಯುತ್ತಿದ್ದರು. ಬಹಳ ಗೌರವದ ಪದ, ಅನುಮಾನವಿಲ್ಲ. ಆದರೆ ದಾನವೆಂದು ಕರೆದ ಮೇಲೆ ಕೆಲವರು ಅದನ್ನು ದಾನವೆಂದೇ ಭಾವಿಸಿದರು. ಒಂದು ಚಿತ್ರಕ್ಕೆ ಕೊಟ್ಟ ಚೆಕ್ಕು ಬ್ಯಾಂಕಿನಿಂದ ಮೂರು ಸಲ ಹಿಂದಿರುಗಿತು. ನಾಲ್ಕನೆಯ ಸಲ ಅವರ ಕಚೇರಿಗೆ ಹೋದರೆ, ಬಾಗಿಲ ಮೇಲೆ ಬೇರೆಯವರ ಬೋರ್ಡ್ ಇತ್ತು. ಕರಾರು ಪತ್ರ ಮಾಡಿಕೊಂಡಿರಲಿಲ್ಲ. ಮನೆಯವರಂತೆ ಇದ್ದೇವೆ, ಕಾಗದವೇಕೆ ಎಂದಿದ್ದರು. ಇದನ್ನು ನಿನ್ನ ತಂದೆಗೂ ಬಹಳ ದಿನ ಹೇಳಿರಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಕೈಗೆತ್ತಿಕೊಂಡ ಮೊದಲ ಕೆಲಸವನ್ನೇ ನಿನ್ನ ವೃತ್ತಿಯೆಂದು ತಿಳಿದಿದ್ದೀ, ತಪ್ಪಾಗಿರುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು ಮ್ಯಾನೇಜರನಾಗಿ ನಿವೃತ್ತನಾಗುವ ದಾರಿ ಮೊದಲೇ ಹಾಕಿಟ್ಟಿರುತ್ತದೆ. ಸಿನಿಮಾದಲ್ಲಿ ಅಂಥ ದಾರಿ ಯಾರಿಗೂ ಹಾಕಿಟ್ಟಿಲ್ಲ. ನಮ್ಮ ಊರಿನ ಎಂ. ಎಸ್. ಸತ್ಯು ಅವರನ್ನೇ ನೋಡು. ಬಿ.ಎಸ್ಸಿ. ಓದನ್ನು ಅರ್ಧಕ್ಕೆ ಬಿಟ್ಟು ಮುಂಬಯಿಗೆ ಹೋದ ಅವರು 1952-53ರಲ್ಲಿ ಮಾಡಿದ್ದು ಬಿಡಿ ಬಿಡಿಯಾದ ಅನಿಮೇಷನ್ ಕೆಲಸ, ಎಂದರೆ ನಿನ್ನ ಕೇರಿಯದೇ. ಆಮೇಲೆ ಹೆಚ್ಚುಕಡಿಮೆ ನಾಲ್ಕು ವರ್ಷ ಕೆಲಸವಿಲ್ಲ. ಅನಂತರ ಚೇತನ್ ಆನಂದ್ ಅವರ ಬಳಿ ಸಹಾಯಕ ನಿರ್ದೇಶಕರಾದರು. ನಾಟಕಗಳಿಗೆ ರಂಗಸಜ್ಜಿಕೆ ಕಟ್ಟಿದರು. ಅದೇ ಚೇತನ್ ಆನಂದರ 1964ರ 'ಹಕೀಕತ್' ಚಿತ್ರದ ಕಲಾ ನಿರ್ದೇಶನಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. 'ಗರಮ್ ಹವಾ' ನಿರ್ದೇಶಿಸುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ಕನ್ನಡದ 'ಕನ್ನೇಶ್ವರ ರಾಮ', 'ಬರ' ಬಂದದ್ದು ಅದರ ನಂತರ. ಆ ನಾಲ್ಕು ವರ್ಷಗಳಲ್ಲಿ ಅವರ ತಾಯಿಗೆ ನೆಂಟರು ಏನೇನು ಕೇಳಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ, ಏಕೆಂದರೆ "ನಿಮ್ಮ ಮಗಳು ಕಾರ್ಟೂನ್ ಬಿಡಿಸ್ತಾಳಂತೆ ಹೌದೇ" ಎಂದು ನನ್ನನ್ನು ಕೇಳುವವರು ಈ ಬೀದಿಯಲ್ಲೇ ಮೂವರಿದ್ದಾರೆ.

ಇನ್ನೊಬ್ಬರು ವಿ. ಕೆ. ಮೂರ್ತಿ. ಅವರೂ ಮೈಸೂರಿನವರೇ, ಪಿಟೀಲು ಕಲಿತವರು. ಬೆಂಗಳೂರಿನ ಎಸ್. ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಂದರು. ಗುರುದತ್ ಅವರ 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕಂಬವೊಂದು ಇಳಿಯುತ್ತದೆ, ಅದರೊಳಗೆ ಧೂಳಿನ ಕಣಗಳು ತೇಲುತ್ತವೆ. ಅದು ದೀಪದ ಬೆಳಕಲ್ಲ. ಹೊರಗೆ ಒಂದು ದೊಡ್ಡ ಕನ್ನಡಿಯಿಟ್ಟು ಬಿಸಿಲನ್ನು ಒಳಕ್ಕೆ ತಿರುಗಿಸಿ, ಒಳಗೆ ಎತ್ತರದಲ್ಲಿ ಇನ್ನೊಂದು ಕನ್ನಡಿಯಿಂದ ಅದನ್ನು ಕೆಳಕ್ಕೆ ಬೀಳಿಸಿದರು. ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದು ಇವರಿಗೆ, 2008ನೆಯ ಸಾಲಿನದು. ನನಗೆ ಆ ದೃಶ್ಯ ನೋಡಿದಾಗಲೆಲ್ಲ ಇನ್ನೊಬ್ಬರ ನೆನಪಾಗುತ್ತದೆ. ಸೂರ್ಯ ನಿಲ್ಲುವವನಲ್ಲವಲ್ಲ, ಅವನು ಸರಿದಂತೆ ಹೊರಗಿನ ಕನ್ನಡಿಯನ್ನು ಬೆರಳಷ್ಟು ಬೆರಳಷ್ಟು ಸರಿಸುತ್ತ ಬಿಸಿಲಿನಲ್ಲಿ ನಿಂತವನೊಬ್ಬ ಇದ್ದಿರಲೇಬೇಕು. ಅವನ ಕೆಲಸಕ್ಕೆ ಟೈಟಲ್ ಕಾರ್ಡಿನಲ್ಲಿ ಹೆಸರಿಲ್ಲ.

ನಿನ್ನ ಸಾಲಿನಲ್ಲೇ ಕುಳಿತವರನ್ನು ನೋಡಿದರೂ ಸಾಕು. ಲೈಟಿಂಗ್ ಮಾಡುವ ಹುಡುಗ ಮೊದಲು ಮದುವೆ ಮನೆಗಳಲ್ಲಿ ಫೋಟೋ ತೆಗೆಯುತ್ತಿದ್ದನೆಂದು ನೀನೇ ಹೇಳಿದ್ದೆ. ಯಾವ ಮುಖಕ್ಕೆ ಯಾವ ಕಡೆಯ ಬೆಳಕು ಬೇಕೆಂಬುದು ಅವನಿಗೆ ಕಂಪ್ಯೂಟರ್ ಕಲಿಸಿದ್ದಲ್ಲ. ಗೊಂಬೆಗಳ ಮೈಯೊಳಗೆ ಮೂಳೆ ಕೂರಿಸುವ ರಿಗ್ಗಿಂಗ್ ವಿಭಾಗದಾಕೆ ಫಿಸಿಯೋಥೆರಪಿ ಓದಿದವಳು. ಭುಜ ಎಷ್ಟು ತಿರುಗೀತು ಎಂದು ಅವಳನ್ನಲ್ಲದೆ ಯಾರನ್ನು ಕೇಳಬೇಕು? ಹೀಗಾಗಿ ನಿನಗೆ ನಾನು ಹೇಳುವುದು ಇಷ್ಟೆ: ನಿನ್ನ ಶಾಟ್ ಮುಗಿದ ಮೇಲೆ ಅದು ಯಾರ ಕೈಗೆ ಹೋಗುತ್ತದೆಯೋ ಅವರ ಪಕ್ಕದಲ್ಲಿ ಹೋಗಿ ಅರ್ಧ ಗಂಟೆ ಕುಳಿತುಕೋ. ಕಾಂಪೋಸಿಟಿಂಗ್ ಮಾಡುವವರು ನೀನು ಬಿಡಿಸಿಕೊಟ್ಟ ಅಂಚನ್ನು ಹಿನ್ನೆಲೆಗೆ ಬೆಸೆಯುವಾಗ ಎಲ್ಲಿ ಬಯ್ದುಕೊಳ್ಳುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನು ಕೇಳಿಸಿಕೋ. ಒಂದು ಫ್ರೇಮಿನ ನಡುಕ ಕಾಣುವ ಕಣ್ಣು ನಿನಗೆ ಆಗಲೇ ಬಂದಿದೆ, ಅವರಿಗೆ ಬೇಕಾದದ್ದು ಅದೇ ಕಣ್ಣು.

ಹೆಣ್ಣುಮಕ್ಕಳಿಗೆ ಆ ಮಟ್ಟಿಗೆ ದಾರಿ ತೆರೆದಿರುವುದೂ ಹಳೆಯ ಮಾತಲ್ಲ. 1938ರಲ್ಲಿ ಡಿಸ್ನಿ ಸ್ಟುಡಿಯೋಕ್ಕೆ ಅರ್ಜಿ ಹಾಕಿದ ಯುವತಿಯೊಬ್ಬಳಿಗೆ, ಚಿತ್ರ ರಚಿಸುವ ಕೆಲಸವನ್ನು ಹೆಂಗಸರು ಮಾಡುವುದಿಲ್ಲ, ಗಾಜಿನಂಥ ಹಾಳೆಯ ಮೇಲೆ ಶಾಯಿಯಲ್ಲಿ ಗೆರೆ ತಿದ್ದಿ ಹಿಂಬದಿಗೆ ಬಣ್ಣ ತುಂಬುವುದಷ್ಟೇ ಅವರ ಪಾಲಿನದು ಎಂಬ ಅರ್ಥದ ಉತ್ತರ ಬಂದಿತ್ತು. ಆ ಪತ್ರ ಇಂದಿಗೂ ಉಳಿದಿದೆ. ಅದಕ್ಕೆ ಸಹಿ ಹಾಕಿದವಳೂ ಹೆಂಗಸೇ.

ಕೆಲಸ ಚೆನ್ನಾಗಿದ್ದರೆ ಹೊಟ್ಟೆ ತುಂಬುತ್ತದೆ ಎಂದು ಮಾತ್ರ ನಾನು ಬರೆಯಲಾರೆ. 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಮಾಡಿದ ರಿದಮ್ ಅಂಡ್ ಹ್ಯೂಸ್ ಕಂಪನಿಗೆ ಮುಂಬಯಿ, ಹೈದರಾಬಾದುಗಳಲ್ಲೂ ಶಾಖೆಗಳಿದ್ದವು. 2013ರ ಫೆಬ್ರವರಿಯಲ್ಲಿ ಆ ಚಿತ್ರಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಬಂತು. ಕಂಪನಿ ದಿವಾಳಿ ಅರ್ಜಿ ಹಾಕಿ ಆಗ ಎರಡು ವಾರವೂ ಆಗಿರಲಿಲ್ಲ. ನಿನ್ನ ಗೆಳತಿಯ ಆಫೀಸು ರಾತ್ರೋರಾತ್ರಿ ಮುಚ್ಚಿದ ಸುದ್ದಿಯನ್ನು ನೀನು ಅಳುತ್ತ ಹೇಳಿದಾಗ ನನಗೆ ಮೂರು ಸಲ ಹಿಂದಿರುಗಿದ ನನ್ನ ಆ ಚೆಕ್ಕು ನೆನಪಾಯಿತು. ಆರು ತಿಂಗಳ ಖರ್ಚಿನಷ್ಟು ದುಡ್ಡು ಕೈಯಲ್ಲಿರುವವರೆಗೆ ಹೊಸ ಫೋನ್ ಬೇಡ.

ಇನ್ನು ನೀನು ಹೆದರಿರುವ ಯಂತ್ರದ ವಿಷಯ. ರೋಟೋ ಕೆಲಸವನ್ನು ಯಂತ್ರವೇ ಮಾಡಿಬಿಡುತ್ತದೆ ಎಂದೆ. ಒಂದಿಷ್ಟನ್ನು ಮಾಡೀತು. ನನ್ನ ದನಿಯನ್ನೂ ಮಾಡುತ್ತದೆ. ಹೋದ ತಿಂಗಳು ಮಕ್ಕಳ ಕಾರ್ಟೂನ್ ಸರಣಿಯೊಂದರ ಕನ್ನಡ ಡಬ್ಬಿಂಗಿಗೆ ಕರೆದವರು ಏಳು ಪುಟದ ಕರಾರು ಪತ್ರ ಕಳಿಸಿದ್ದರು. ಐದನೆಯ ಪುಟದಲ್ಲಿ, ನನ್ನ ಧ್ವನಿಯನ್ನು "ಯಾವುದೇ ತಂತ್ರಜ್ಞಾನದ ಮೂಲಕ ಮರುಸೃಷ್ಟಿಸುವ ಹಕ್ಕು" ಎಂದಿತ್ತು. 2023ರಲ್ಲಿ ಅಮೆರಿಕದ ನಟನಟಿಯರು 118 ದಿನ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಇಂಥದಕ್ಕೆ ಕಡಿವಾಣ ಹಾಕಬೇಕೆಂಬುದೂ ಒಂದಿತ್ತು. ನಾನೊಬ್ಬಳೇ ಮುಷ್ಕರ ಹೂಡಲಾದೀತೇ? ಆ ಸಾಲನ್ನು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಸಹಿ ಮಾಡಿ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಸರಿ ಎಂದು ಬಂತು. ಬಾರದೆಯೂ ಇರಬಹುದಿತ್ತು, ಅದಕ್ಕೂ ಸಿದ್ಧಳಾಗಿದ್ದೆ.

ಮುಂದಿನ ವಾರ ಬರುವಾಗ ನೀನು ಸೇರುವಾಗ ಸಹಿ ಮಾಡಿದ ಕಾಗದದ ಪ್ರತಿಯನ್ನು ತೆಗೆದುಕೊಂಡು ಬಾ. ಎದುರುಮನೆಯ ವಕೀಲರು ಸಂಜೆ ಆರರ ಮೇಲೆ ಬಿಡುವಾಗಿರುತ್ತಾರೆ, ಕೂತು ಓದೋಣ. ಸಾರಿನ ಪುಡಿ ಮಾಡಿಟ್ಟಿದ್ದೇನೆ, ಡಬ್ಬಿ ಖಾಲಿಯಾಗಿದ್ದರೆ ಅದನ್ನೂ ತಾ. ಈ ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ನನಗೆ ರೆಕಾರ್ಡಿಂಗ್ ಇದೆ. ನಾಯಕಿಯರ ಕಾಲ ಮುಗಿಯಿತು, ಈಗ ನನ್ನದು ಕನ್ನಡಕ ಹಾಕಿಕೊಂಡ ಅಜ್ಜಿ ಕರಡಿಯ ಪಾತ್ರ. ಅದಕ್ಕೆ ಬಾಯಿ ದೊಡ್ಡದು, ತುಟಿ ಕೂಡುವುದೇ ಅಪರೂಪ, ಹಾಗಾಗಿ ಕೆಲಸ ಹಗುರ. ಫೋನ್ ಎತ್ತದಿದ್ದರೆ ಗಾಬರಿಯಾಗಬೇಡ.

ಇಂತಿ,
ನಿನ್ನ ಅಮ್ಮ