ನಿನ್ನ ಡಿಪಿಯ ವಿಷಯ

ಚೆಂಬೂರು, ಮುಂಬೈ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಹೊಸ ಕೆಲಸ, ಪಿಜಿಯ ಊಟ, ಪುಣೆಯ ಮಳೆ ಎಲ್ಲ ಓದಿದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ನನ್ನ ಮುಖ ಈಗ ಯಾರ್ಯಾರ ಫೋನಿನಲ್ಲಿ ಇದೆಯೋ ದೊಡ್ಡಪ್ಪ" ಅಂತ, ಅದು ನನ್ನನ್ನು ಬಿಡುತ್ತಿಲ್ಲ. ನಿನ್ನ ಗೆಳತಿಯ ಡಿಪಿ ಕದ್ದು ಯಾರೋ ಅವಳ ಹೆಸರಲ್ಲಿ ಸುಳ್ಳು ಖಾತೆ ತೆರೆದರು, ಅದಾದ ಮೇಲೆ ನೀನೂ ಎಲ್ಲ ಕಡೆಯಿಂದ ನಿನ್ನ ಫೋಟೋ ತೆಗೆದುಬಿಟ್ಟೆ. ನಾನು ವಾಟ್ಸಾಪ್ ತೆರೆದು ನೋಡಿದೆ. ನಿನ್ನ ಹೆಸರಿನ ಪಕ್ಕ ಬೂದು ಬಣ್ಣದ ಆ ಮುಖವಿಲ್ಲದ ಗುರುತು ಮಾತ್ರ ಇತ್ತು. ಮನಸ್ಸಿಗೆ ತುಂಬ ಬೇಜಾರಾಯಿತು.

ಹೆದರಬೇಡ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ನಿನ್ನದು ಇಲ್ಲದ ಹೆದರಿಕೆ ಅಲ್ಲ. ಕುರ್ಲಾದ ಸ್ಟುಡಿಯೋದಲ್ಲಿ ಟಚಿಂಗ್ ಮಾಡುತ್ತಾ ಬೇರೆಯವರ ಮುಖಗಳ ನಡುವೆಯೇ ನನ್ನ ಆಯಸ್ಸು ಕಳೆಯಿತು. ಫೋಟೋದ ಪ್ರತಿ ತೆಗೆಯುವ ಮೂಲ ಫಿಲ್ಮ್ ಇರುತ್ತದಲ್ಲ, ಆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಅಳಿಸುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು. ಮುಖ ಒಮ್ಮೆ ಬೇರೆಯವರ ಕೈಗೆ ಹೋದರೆ ಏನೇನು ಆಗಬಹುದು ಅಂತ ನಾನು ಅಲ್ಲಿ ಕಣ್ಣಾರೆ ನೋಡಿದ್ದೇನೆ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ.

ನರ್ಸಿಂಗ್ ಓದುತ್ತಿದ್ದ ಒಬ್ಬಳು ಹುಡುಗಿ ಅರ್ಜಿಗೆ ಅಂತ ಫೋಟೋ ತೆಗೆಸಿಕೊಂಡು ಹೋದಳು. ಚಿತ್ರ ಚೆನ್ನಾಗಿ ಬಂದಿತ್ತು. ಮಾಲೀಕರು ಅದನ್ನು ದೊಡ್ಡದು ಮಾಡಿಸಿ ಶೋಕೇಸಿನಲ್ಲಿ ಇಟ್ಟರು. ಅವಳನ್ನು ಕೇಳಲಿಲ್ಲ. ಆಗೆಲ್ಲ ಯಾರೂ ಕೇಳುತ್ತಿರಲಿಲ್ಲ. ಅದು ಸ್ಟೇಷನ್ನಿಗೆ ಹೋಗುವ ದಾರಿ, ನೋಡದವರೇ ಇಲ್ಲ. ಸ್ವಲ್ಪ ದಿನ ಬಿಟ್ಟು ಅವಳು ತಮ್ಮನನ್ನು ಕರೆದುಕೊಂಡು ಬಂದಳು. ಯಾರೋ ಹುಡುಗರು ಗುರುತು ಹಿಡಿದು ಹಿಂದೆ ಹಿಂದೆ ಬರುತ್ತಿದ್ದರಂತೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಚಿತ್ರ ತೆಗೆಯಿರಿ, ನೆಗೆಟಿವ್ ನನಗೆ ಕೊಡಿ ಎಂದಳು. ಚಿತ್ರ ತೆಗೆದರು. ನೆಗೆಟಿವ್ ಕೊಡಲಿಲ್ಲ. ನೆಗೆಟಿವ್ ಅಂದರೆ ಸ್ಟುಡಿಯೋದ ಸ್ವತ್ತು ಅಂತ ಆಗಿನ ರೂಢಿ. ಅದು ನನ್ನ ಮೇಜಿನ ಪಕ್ಕದ ಡಬ್ಬಿಯಲ್ಲೇ ಇತ್ತು. ಅವಳ ಕೈಗೆ ಸೇರಲಿಲ್ಲವಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಶೋಕೇಸಿನಲ್ಲಿರುವುದು ಕಣ್ಣಿಗೆ ಕಾಣುತ್ತದೆ, ತೆಗೆಯಿರಿ ಅನ್ನಬಹುದು. ಡಬ್ಬಿಯೊಳಗೆ ಏನಿದೆ, ಅದರಿಂದ ಇನ್ನೆಷ್ಟು ಪ್ರತಿ ಬಂತು ಅಂತ ಅವಳಿಗೆ ಹೇಗೆ ತಿಳಿಯಬೇಕು? ನೀನು ಬರೆದ ಸಾಲೂ ಅದೇ ಅಲ್ವಾ? ಅದಕ್ಕೇ ನನಗೆ ನಿದ್ದೆ ಬರಲಿಲ್ಲ.

ಆ ಡಬ್ಬಿಗಳ ಗತಿ ಏನಾಯಿತು ಅಂತಲೂ ಹೇಳುತ್ತೇನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿ ಉಕ್ಕಿ ಕುರ್ಲಾಕ್ಕೆ ನುಗ್ಗಿತು. ನೆಗೆಟಿವ್ ಮೇಲೆ ಜೆಲಟಿನ್ ಪದರ ಇರುತ್ತದೆ, ನೀರು ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಎಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿ ಹೋಯಿತು. ಆ ಹುಡುಗಿಯದೂ ಹೋಯಿತು. ಸದ್ಯ, ಅಷ್ಟಾದರೂ ಆಯಿತು ಅಂದುಕೊಂಡೆ. ಆಮೇಲೆ ಜನ ಬರಲು ಶುರುವಾಯಿತು. ಗೋಡೆಗೆ ಹಾಕಲು ತೀರಿಹೋದ ಅಪ್ಪನ ಫೋಟೋ ಬೇಕು, ಮದುವೆಯ ಫೋಟೋ ಮನೆಯಲ್ಲಿ ನೀರಿಗೆ ಹೋಯಿತು, ನಿಮ್ಮಲ್ಲಿ ನೆಗೆಟಿವ್ ಇದೆಯಲ್ಲ ಅಂತ. ಇಲ್ಲ ಅನ್ನಬೇಕಾಯಿತು.

ಈಗಲೂ ಅಂಥದ್ದೇ. ಕೆಲವು ಕಡೆ ಡಿಪಿ ಹಾಕುವಾಗ ಚಿತ್ರವನ್ನು ಬೇರೆ ಯಾವುದೋ ಜಾಗದಲ್ಲಿ ಇಟ್ಟು ಅದರ ಲಿಂಕ್ ಮಾತ್ರ ಕೊಡುತ್ತಾರೆ. 2017ರಲ್ಲಿ ಫೋಟೋಬಕೆಟ್ ಅನ್ನುವ ಕಂಪನಿ ಇದ್ದಕ್ಕಿದ್ದಂತೆ ನಿಯಮ ಬದಲಿಸಿತು. ಹಾಗೆ ಲಿಂಕ್ ಕೊಟ್ಟ ಚಿತ್ರ ಕಾಣಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ಕಟ್ಟಿ ಎಂದಿತು. ಕಟ್ಟದವರ ಚಿತ್ರಗಳೆಲ್ಲ ಕಾಣದಾದವು. ಪುಕ್ಕಟೆ ಇಟ್ಟ ಜಾಗ ನಮ್ಮದಲ್ಲ ಪುಟ್ಟಿ. ಮೂಲ ಫೋಟೋ ನಿನ್ನ ಹತ್ತಿರವೇ ಇರಲಿ, ಒಂದು ಪ್ರತಿ ಪೆನ್ ಡ್ರೈವಿನಲ್ಲೂ ಇರಲಿ. ಹೊರಗೆ ಕೊಡುವುದು ಅದರಿಂದ ಕತ್ತರಿಸಿದ ಸಣ್ಣ ಚಿತ್ರ ಮಾತ್ರ. ಆ ಗುಂಡಗಿನ ಜಾಗ ಎಷ್ಟು ದೊಡ್ಡದಿರುತ್ತದೆ ಹೇಳು? 400ಕ್ಕೆ 400 ಪಿಕ್ಸೆಲ್ ಇದ್ದರೆ ಸಾಮಾನ್ಯವಾಗಿ ಧಾರಾಳ. ಮುಖ ಮತ್ತು ಭುಜ ಬರಲಿ, ಹಿಂದೆ ಖಾಲಿ ಗೋಡೆ ಇರಲಿ. ಆಫೀಸಿನ ಗುರುತು ಪಟ್ಟಿ, ಪಿಜಿಯ ಬೋರ್ಡು ಯಾವುದೂ ಬೇಡ. ಸಣ್ಣ ಚಿತ್ರ ಆದ ಮಾತ್ರಕ್ಕೆ ಕೆಟ್ಟವರು ಬಿಟ್ಟುಬಿಡುತ್ತಾರೆ ಅಂತ ನಾನು ಹೇಳುವುದಿಲ್ಲ. ಬಿಡುವುದಿಲ್ಲ. ಆದರೂ ನೆಗೆಟಿವ್ ನಿನ್ನ ಕೈಯಲ್ಲಿರುತ್ತದೆ.

ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ತೆಗೆದ ಫೋಟೋದ ಒಳಗೇ ಅದನ್ನು ತೆಗೆದ ಜಾಗ, ಸಮಯ ಕೂತಿರಬಹುದು. ಅದಕ್ಕೆ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿಡು. ಅದನ್ನು ನೆನೆದರೆ ನನಗೆ ಹೆಚ್ಚು ಭಯವಾಗುತ್ತದೆ. ಮುಖ ಹೋಗುವುದು ಒಂದು, ಮನೆಯ ಬಾಗಿಲು ಗೊತ್ತಾಗುವುದು ಇನ್ನೊಂದು.

ನಿನ್ನ ಅಜ್ಜಿಯ ವಿಷಯ ನಿನಗೆ ಗೊತ್ತೇ ಇದೆ. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆ ಅಂತ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಳ್ಳುತ್ತಿದ್ದರು. ಊರಿಗೆ ಹೋದಾಗಲೆಲ್ಲ ಕೇಳುತ್ತಿದ್ದೆ, ಮುಂದಿನ ಸಲ ಮಗಾ ಅನ್ನುತ್ತಿದ್ದರು. ಕೊನೆಗೆ ಉಳಿದದ್ದು ಮತದಾರರ ಗುರುತಿನ ಚೀಟಿಯ ಆ ಮಸುಕು ಚಿತ್ರ. ಅದನ್ನೇ ದೊಡ್ಡದು ಮಾಡಿ ಟಚಿಂಗ್ ಮಾಡಲು ನಾನೇ ಕೂತೆ. ಅವರ ಮೂಗು ಹೇಗಿತ್ತು ಅಂತ ನೆನಪಿನಿಂದ ಬರೆಯಬೇಕಾಯಿತು. ನಿನ್ನ ಹೆಸರಿನ ಪಕ್ಕ ಆ ಬೂದು ಬಣ್ಣ ನೋಡಿದಾಗ ಬೇಜಾರಾಯಿತು ಅಂದೆನಲ್ಲ, ಅದು ಇದಕ್ಕೇ. ಹೆದರಿಕೆಯಿಂದ ನಿನ್ನ ಮುಖ ನಮ್ಮ ಫೋನಿನಿಂದಲೂ ಹೋಗುವುದು ನನಗೆ ಇಷ್ಟವಿಲ್ಲ.

ವಾಟ್ಸಾಪಿನಲ್ಲಿ ಪ್ರೊಫೈಲ್ ಫೋಟೋ ಯಾರು ನೋಡಬಹುದು ಅಂತ ಆರಿಸಿಕೊಳ್ಳಬಹುದಲ್ಲ. ನಿನ್ನ ಕಾಂಟ್ಯಾಕ್ಟ್‌ಗಳಿಗೆ ಮಾತ್ರ ಅಂತ ಇಡು, ಅದರಲ್ಲೂ ಬೇಡದವರನ್ನು ಬಿಡಬಹುದು. ಆದರೆ ನಂಬರು ಉಳಿಸಿಕೊಂಡವರನ್ನು ಒಮ್ಮೆ ಸೋಸು. ಸಿಲಿಂಡರ್ ತರುವವನು, ಹಳೆಯ ಮನೆಯ ಬ್ರೋಕರ್ ಎಲ್ಲ ಅದರಲ್ಲಿ ಇರುತ್ತಾರೆ. ಅಪರಿಚಿತರು ಇರುವ ಕಡೆ ಮುಖ ಹಾಕಲೇಬೇಕು ಅಂತೇನಿಲ್ಲ, ನಿನ್ನ ಕೈಯಲ್ಲಿ ಬಿಡಿಸಿದ ರಂಗೋಲಿಯ ಚಿತ್ರ ಹಾಕು. ಆಫೀಸಿನ ಕಡೆ ಬೇರೆ ಫೋಟೋ ಇರಲಿ. ಒಂದೇ ಫೋಟೋ ಎಲ್ಲ ಕಡೆ ಇದ್ದರೆ, ಅದನ್ನಿಟ್ಟು ಹುಡುಕುವವರಿಗೆ ನಿನ್ನ ಎಲ್ಲ ಖಾತೆ ಸುಲಭವಾಗಿ ಸಿಗುತ್ತವೆ.

ಇಷ್ಟೆಲ್ಲ ಮಾಡಿದರೂ ಆ ಪ್ರಶ್ನೆಗೆ ಉತ್ತರ ಇಲ್ಲ, ನನಗೂ ಗೊತ್ತು. ಈಗಾಗಲೇ ಯಾರ ಫೋನಿನಲ್ಲಿದೆಯೋ ಅದನ್ನು ವಾಪಸ್ ತರಲು ಆಗುವುದಿಲ್ಲ. ಆದರೆ ನಾಳೆ ಯಾರಾದರೂ ಅದರಿಂದ ಕೆಟ್ಟದ್ದು ಮಾಡಿದರೆ ತಪ್ಪು ಅವರದು, ಫೋಟೋ ಹಾಕಿದ ನಿನ್ನದಲ್ಲ. ಆ ನರ್ಸಿಂಗ್ ಹುಡುಗಿಗೆ ಬೆನ್ನಿಗೆ ತಮ್ಮ ಒಬ್ಬನಿದ್ದ, ಕಾನೂನು ಯಾವುದು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಈಗ ಐಟಿ ಕಾಯ್ದೆಯ 66ಡಿ ಕಲಂ ಇದೆ, ಬೇರೆಯವರಂತೆ ನಟಿಸಿ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಮೋಸ ಮಾಡಿದವನಿಗೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಕೊಡಬಹುದು, 1930ಕ್ಕೆ ಫೋನೂ ಮಾಡಬಹುದು.

ನಿನ್ನ ಗೆಳತಿ ದೂರು ಕೊಟ್ಟಳಾ? ನೀನು ಅದನ್ನು ಬರೆದಿಲ್ಲ. ಮನೆಯಲ್ಲಾದರೂ ಹೇಳಿದ್ದಾಳಾ? ಸುಳ್ಳು ಖಾತೆ ಅಳಿಸಿಹೋಗುವ ಮೊದಲೇ ಅದರ ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಎಲ್ಲ ತೆಗೆದಿಡಲು ಹೇಳು. ಅವಳಿಗೆ ಒಬ್ಬಳೇ ಹೋಗಲು ಮುಜುಗರವಾದರೆ ಇಬ್ಬರೂ ಶನಿವಾರ ಡೆಕ್ಕನ್ ಕ್ವೀನ್ ಹಿಡಿದು ದಾದರ್‌ಗೆ ಬನ್ನಿ, ನಾನು ಸ್ಟೇಷನ್ನಿಗೆ ಬರುತ್ತೇನೆ. ದೊಡ್ಡಮ್ಮ ನೀರುದೋಸೆ ಮಾಡುತ್ತಾಳೆ, ಊಟ ಮುಗಿಸಿ ದೂರು ಬರೆಯಲು ಕೂರೋಣ.

ನಿನ್ನ
ದೊಡ್ಡಪ್ಪ