ಎರ್ಬಿಲ್ ಅರಬ್ ಕ್ಲಬ್ ಅಂತೆ!

ಮಾನ್ಯ ಸಂಪಾದಕರೇ,

ಭಾನುವಾರದ ನಿಮ್ಮ ಕ್ರೀಡಾ ಪುಟದಿಂದ ನನ್ನ ಮರ್ಯಾದೆ ಹೋಗಿದೆ. ಯಾರನ್ನು ಹಿಡಿದು ಕೇಳಬೇಕೋ ಗೊತ್ತಾಗದೆ ನಿಮಗೇ ಬರೆಯುತ್ತಿದ್ದೇನೆ. ಕೆಳಗಿನ ಮೂಲೆಯಲ್ಲಿ, ಮೊಣಕಾಲು ನೋವಿನ ಎಣ್ಣೆಯ ಜಾಹೀರಾತಿನ ಪಕ್ಕ ಬಂದಿತ್ತಲ್ಲ, ಎರ್ಬಿಲ್ ಫುಟ್‌ಬಾಲ್ ಕ್ಲಬ್ಬಿನ ಬರಹ, ಅದೇ. ತಲೆಬರಹ 'ಅರಬ್ ಕ್ಲಬ್ಬಿನ ಏಳಿಗೆ'. ಒಳಗೆ ನೋಡಿದರೆ 'ಬಾಗ್ದಾದಿನ ಈ ತಂಡ'. ಫೋಟೋದಲ್ಲಿ ಹಸಿರು ಜರ್ಸಿ. ಸ್ವಾಮಿ, ಎರ್ಬಿಲ್‌ನವರದು ಹಳದಿ ಜರ್ಸಿ. ಎರ್ಬಿಲ್ ಇರುವುದು ಬಾಗ್ದಾದಿನಲ್ಲಲ್ಲ. ಅದು ಇರಾಕಿನ ಉತ್ತರದಲ್ಲಿ, ದೇಶದೊಳಗೇ ಸ್ವಂತ ಸರ್ಕಾರ ಇಟ್ಟುಕೊಂಡಿರುವ ಕುರ್ದಿಸ್ತಾನ ಪ್ರಾಂತ್ಯದ ರಾಜಧಾನಿ. ಅದು ಕುರ್ದಿ ಜನರ ಊರು, ಕುರ್ದಿ ಜನರ ಕ್ಲಬ್ಬು. ಕುರ್ದಿಗಳು ಅರಬರಲ್ಲ, ಅವರ ಭಾಷೆಯೇ ಬೇರೆ. ಹತ್ತು ಸಾಲಿನ ಬರಹದಲ್ಲಿ 'ಕುರ್ದಿ' ಎಂಬ ಒಂದು ಪದ ಇಲ್ಲ. ಇಷ್ಟು ಕರಾರುವಾಕ್ಕಾಗಿ ತಪ್ಪು ಬರೆಯುವುದಕ್ಕೂ ಅಭ್ಯಾಸ ಬೇಕು.

ನನಗೇಕೆ ಇಷ್ಟು ಉರಿ ಅಂತ ಕೇಳಬಹುದು. ನಾನು 2010ರಿಂದ 2014ರವರೆಗೆ ಅಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದವನು. ಊರಿಗೆ ಬಂದ ಮೇಲೆ ಕನ್ನಡ ಪೇಪರಿನಲ್ಲಿ 'ಎರ್ಬಿಲ್' ಅಂತ ಅಚ್ಚಾಗಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಬೆಳಿಗ್ಗೆ ಹೋಟೆಲಿನಲ್ಲಿ ಯಾರದೋ ಕೈಯಲ್ಲಿದ್ದ ಪೇಪರಿನಲ್ಲಿ ಆ ಹೆಸರು ಕಂಡಿದ್ದೇ ತಡ, ಬಿಸಿ ಬನ್ಸ್ ಬಿಟ್ಟು ಎದ್ದೆ. ಮಳೆ ಧೋ ಅಂತ ಸುರಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಅಂಗಡಿಗೆ ಓಡಿ ಐದು ಪ್ರತಿ ತಗೊಂಡೆ. ಒಂದು ನನಗೆ. ಒಂದು ಮಾವನವರಿಗೆ, ಅವರು ಈಗಲೂ ನಾನು ದುಬೈಯಲ್ಲಿದ್ದೆ ಅಂತಲೇ ಎಲ್ಲರಿಗೂ ಹೇಳುವುದು. ಉಳಿದದ್ದು ಯಾರಿಗಾದರೂ ತೋರಿಸೋಣ ಅಂತ. ಓದುವ ಮೊದಲೇ ಫೋಟೋ ತೆಗೆದು ಅಲ್ಲಿನ ನನ್ನ ಹಳೇ ಫೋರ್‌ಮನ್‌ಗೆ ವಾಟ್ಸ್ಆ್ಯಪ್ ಮಾಡಿದೆ. 'ನೋಡಿ ಕಾಕಾ, ನಮ್ಮೂರ ಪೇಪರಿನಲ್ಲಿ ನಿಮ್ಮ ಕ್ಲಬ್ಬು!' ಅಂತ.

(ಅಲ್ಲಿ ಗಂಡಸರು ಒಬ್ಬರನ್ನೊಬ್ಬರು ಕಾಕಾ ಅಂತಲೇ ಕರೆಯುತ್ತಾರೆ. ನಮ್ಮ ಹುಬ್ಬಳ್ಳಿ ಕಡೆಯ ಕಾಕಾ ಅಲ್ಲ, ಅಣ್ಣ ಅಂತ ಅರ್ಥ.)

ಆ ಪುಣ್ಯಾತ್ಮ ಅದನ್ನು ಫೋನಿನ ಅನುವಾದಕ್ಕೆ ಹಿಡಿದರು. ಕಾಲು ಗಂಟೆಯೊಳಗೆ ವಿಡಿಯೋ ಕಾಲ್ ಬಂತು. 'ನಾವು ಯಾವತ್ತಿನಿಂದ ಅರಬರಾದೆವು? ಬರೆದವರು ನಿನಗೆ ಗೊತ್ತಿರುವವರಾ?' ನಾನು ಬರೆದಿಲ್ಲ, ಬರೆದವರು ಗೊತ್ತಿಲ್ಲ ಅಂದೆ. ಕೇಳಲಿಲ್ಲ. ಫೋನು ಅವರ ತಮ್ಮನ ಕೈಗೆ ಹೋಯಿತು. ಆಮೇಲೆ ತಮ್ಮನ ಮಗನ ಕೈಗೆ. ಎಲ್ಲರಿಗೂ ಹರುಕು ಹಿಂದಿಯಲ್ಲಿ, ಹರುಕು ಕುರ್ದಿಯಲ್ಲಿ ನಿಮ್ಮ ಪರವಾಗಿ ನಾನು ಕ್ಷಮೆ ಕೇಳಿದೆ. ನಲವತ್ತು ನಿಮಿಷ! ಬನ್ಸ್ ತಣ್ಣಗಾಯಿತು, ಬಸ್ ತಪ್ಪಿತು. ಕೋಟೇಶ್ವರದ ಮನೆಯೊಂದರಲ್ಲಿ ಕಂಪ್ರೆಸರ್ ಬಿಚ್ಚಿಟ್ಟು ಬಂದಿದ್ದೆ. ಅವರು ಕಾದು ಕಾದು ಬೇರೆಯವನನ್ನು ಕರೆಸಿಕೊಂಡರು. ಇಷ್ಟಕ್ಕೂ ಆ ಐದು ಪ್ರತಿಯ ದುಡ್ಡು ನನ್ನದೇ.

ಈಗ ನಿಮ್ಮ ವರದಿಗಾರರು ಬರೆಯದೆ ಬಿಟ್ಟದ್ದನ್ನು ಸ್ವಲ್ಪ ಹೇಳುತ್ತೇನೆ, ದಯವಿಟ್ಟು ಕತ್ತರಿ ಹಾಕಬೇಡಿ. ಎರ್ಬಿಲ್ ಕ್ಲಬ್ ಹುಟ್ಟಿದ್ದು 1968ರಲ್ಲಿ. ಇರಾಕಿನ ಲೀಗ್ ಅಂದರೆ 2007ರವರೆಗೂ ಹೆಚ್ಚು ಕಡಿಮೆ ಬಾಗ್ದಾದಿನ ದೊಡ್ಡ ಕ್ಲಬ್ಬುಗಳ ಆಟ. 2007ರ ಜುಲೈನಲ್ಲಿ ಎರ್ಬಿಲ್ ಆ ಲೀಗಿನ ಫೈನಲ್ಲಿನಲ್ಲಿ ಇರಾಕ್ ವಾಯುಪಡೆಯ ಕ್ಲಬ್ಬನ್ನು 1-0ಯಿಂದ ಸೋಲಿಸಿ ಚಾಂಪಿಯನ್ ಆಯಿತು. ಕುರ್ದಿ ಕ್ಲಬ್ಬೊಂದು ಇಡೀ ಇರಾಕನ್ನು ಗೆದ್ದದ್ದು ಅದೇ ಮೊದಲು. ಆ ವಾಯುಪಡೆ ಕ್ಲಬ್ ಯಾವುದು ಗೊತ್ತಾ? 2016ರ ನವೆಂಬರ್ 5ರಂದು ದೋಹಾದಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ಲಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು ಅದೇ 1-0ಯಿಂದ ಸೋಲಿಸಿದ ಕ್ಲಬ್! ಇದನ್ನಾದರೂ ಬರೆದಿದ್ದರೆ ನಮ್ಮವರಿಗೆ ಒಂದು ಸಂಬಂಧ ಹೊಳೆಯುತ್ತಿತ್ತು.

2007ರ ಅದೇ ಜುಲೈ 29ರಂದು ಇರಾಕ್ ದೇಶದ ತಂಡ ಫುಟ್‌ಬಾಲಿನ ಏಷ್ಯಾ ಕಪ್ ಗೆದ್ದಿತು. ಫೈನಲ್ಲಿನ ಒಂದೇ ಗೋಲಿಗೆ ಕಾರ್ನರ್ ಒದ್ದವರು ಹವಾರ್ ಮುಲ್ಲಾ ಮೊಹಮ್ಮದ್, ಕುರ್ದಿ ಆಟಗಾರ. ಇರಲಿ, ಅದು ಬೇರೆ ಕತೆ.

ಎರ್ಬಿಲ್ 2007–08ರಲ್ಲಿ ಮತ್ತೆ ಗೆದ್ದಿತು, 2008–09ರಲ್ಲಿ ಮತ್ತೆ. ಮುಂದಿನ ವರ್ಷ ಪಕ್ಕದ ದುಹೋಕ್, ಅದೂ ಕುರ್ದಿ ಕ್ಲಬ್ಬೇ. 2011–12ರಲ್ಲಿ ಪುನಃ ಎರ್ಬಿಲ್. ಆರು ಋತುಗಳಲ್ಲಿ ಐದು ಪಟ್ಟ ಕುರ್ದಿಸ್ತಾನಕ್ಕೆ. ಇದಕ್ಕೆ ಕಾರಣವೂ ಇತ್ತು. ಬಾಗ್ದಾದಿನಲ್ಲಿ ಆಗ ದಿನಾ ಬಾಂಬು. ಉತ್ತರದಲ್ಲಿ ನೆಮ್ಮದಿ ಇತ್ತು, ಕ್ಲಬ್ಬಿನ ಹಿಂದೆ ಪ್ರಾಂತ್ಯದ ಸರ್ಕಾರದ ದುಡ್ಡಿತ್ತು. ಹಾಗಾಗಿ ಒಳ್ಳೊಳ್ಳೆ ಆಟಗಾರರು ಅಲ್ಲಿಗೆ ಬಂದರು. ಅವರಲ್ಲಿ ಅರಬರು ಬೇಕಾದಷ್ಟು ಜನ ಇದ್ದರು, ಇದನ್ನು ನಾನೇ ಒಪ್ಪುತ್ತೇನೆ. ಫೋರ್‌ಮನ್ ಕಾಕಾಗೂ ಹೇಳಿದೆ, ಅವರೂ ಹೂಂ ಅಂದರು. ಹಾಗಂತ ಕ್ಲಬ್ಬು ಅರಬರದಾಗುತ್ತದಾ? ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಕನ್ನಡದವರೇನಲ್ಲ. ಅದನ್ನು ಯಾರಾದರೂ 'ಡೆಲ್ಲಿ ಕ್ಲಬ್' ಅಂತ ಬರೆದರೆ ನಿಮ್ಮ ಆಫೀಸಿನ ಮುಂದೆ ಹುಡುಗರು ಬಂದು ಕೂರುತ್ತಾರೆ.

2012ರ ನವೆಂಬರಿನಲ್ಲಿ ಎಎಫ್‌ಸಿ ಕಪ್ ಫೈನಲ್ ಎರ್ಬಿಲಿನಲ್ಲೇ ಆಯಿತು, ಫ್ರಾನ್ಸೊ ಹರೀರಿ ಸ್ಟೇಡಿಯಮ್ಮಿನಲ್ಲಿ. ಆ ಹೆಸರಿನ ಮನುಷ್ಯ ಒಬ್ಬ ಕ್ರೈಸ್ತ ರಾಜಕಾರಣಿ, ಎರ್ಬಿಲಿನ ಗವರ್ನರ್ ಆಗಿದ್ದವರು, 2001ರಲ್ಲಿ ಅವರನ್ನು ಕೊಂದರು. ಅವತ್ತು ನಾನು ಸ್ಟೇಡಿಯಮ್ಮಿನಲ್ಲಿದ್ದೆ. ಹಳದಿ ಶಾಲು ಕೊರಳಿಗೆ, ಜೇಬಿನ ತುಂಬ ಹುರಿದ ಸೂರ್ಯಕಾಂತಿ ಬೀಜ. ಸುತ್ತ ಎಲ್ಲಿ ನೋಡಿದರೂ ಕೆಂಪು ಬಿಳಿ ಹಸಿರಿನ ನಡುವೆ ಸೂರ್ಯ ಇರುವ ಬಾವುಟ. ಕುವೈತ್ ಕ್ಲಬ್ಬು ಬಂದು ನಾಲ್ಕು ಗೋಲು ಹೊಡೆದುಹೋಯಿತು. ನಮಗೆ ಸೊನ್ನೆ. ಮೂರನೇ ಗೋಲಿನ ಹೊತ್ತಿಗೆ ಬೀಜ ಒಡೆಯುವ ಕಟ್ ಕಟ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಟ ಮುಗಿದು ಎಲ್ಲರೂ ಎದ್ದ ಮೇಲೂ ಫೋರ್‌ಮನ್ ಕಾಕಾ ಕಾಲಡಿಯ ಸಿಪ್ಪೆಯನ್ನು ಬೂಟಿನ ತುದಿಯಿಂದ ಒಂದು ಕಡೆ ಗುಡ್ಡೆ ಮಾಡುತ್ತಾ ಸುಮ್ನೆ ಕೂತಿದ್ದರು. ಅಂಥವರಿಗೆ ನಾನು ನಿಮ್ಮ ಪೇಪರ್ ಕಳಿಸಿದ್ದು.

ಆಮೇಲೆ ಬಂತು 2014. ಬಾಗ್ದಾದಿನ ಸರ್ಕಾರ ಕುರ್ದಿಸ್ತಾನದ ಬಜೆಟ್ ಪಾಲು ನಿಲ್ಲಿಸಿತ್ತು. ಆಗಸ್ಟಿನಲ್ಲಿ ಐಸಿಸ್‌ನವರು ಎರ್ಬಿಲಿನ ಹತ್ತಿರಕ್ಕೇ ಬಂದರು. ನಾನು ಗಂಟುಮೂಟೆ ಕಟ್ಟಿದೆ. ಅಕ್ಟೋಬರಿನಲ್ಲಿ ಕ್ಲಬ್ಬು ಮತ್ತೆ ಎಎಫ್‌ಸಿ ಕಪ್ ಫೈನಲ್ ಆಡಿತು, ಈ ಸಲ ದುಬೈಯಲ್ಲಿ. ಕುವೈತಿನ ಕಾದಿಸಿಯಾ ಎದುರು ಗೋಲಿಲ್ಲ, ಪೆನಾಲ್ಟಿಯಲ್ಲಿ ಸೋಲು. ಕುಂದಾಪುರದಲ್ಲಿ ಕೂತು ಫೋನಿನಲ್ಲಿ ಸ್ಕೋರು ನೋಡಿದೆ. 2016–17ರಲ್ಲಂತೂ ದುಡ್ಡಿಲ್ಲದೆ ಎರ್ಬಿಲ್, ದುಹೋಕ್ ಎರಡೂ ಲೀಗಿನಿಂದಲೇ ಹಿಂದೆ ಸರಿದವು. ನಾಲ್ಕು ಸಲದ ಚಾಂಪಿಯನ್ನು ಕೆಳಗಿನ ಲೀಗಿನಿಂದ ಮತ್ತೆ ಮೇಲೆ ಹತ್ತಿ ಬರಬೇಕಾಯಿತು. ನಿಮ್ಮಲ್ಲಿ ಇದಕ್ಕೆ 'ಕೆಲಕಾಲ ಹಿನ್ನಡೆ' ಅಂತ ಎರಡೇ ಪದ. ಎಣ್ಣೆ ಜಾಹೀರಾತಿಗೆ ಮಾತ್ರ ಧಾರಾಳ ಜಾಗ.

ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. ನಾನು ಹೊರಟಾಗ ಇಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ನನ್ನ ಕಾಗದ ಹಿಡಿದು, 'ಎರ್ಬಿಲ್ ಅಂದ್ರೆ ಯಾವ ದೇಶ್ರೀ?' ಅಂದರು. ಇರಾಕ್ ಅಂದೆ. 'ಹಾಗಾದ್ರೆ ಬಾಗ್ದಾದ್ ಅಂತ ಬರೀರಿ, ಇದೆಲ್ಲ ಯಾರಿಗೆ ಗೊತ್ತಾಗತ್ತೆ' ಅಂದರು. ಆಗ ಕುರ್ದಿಸ್ತಾನದವರು ಕೊಡುತ್ತಿದ್ದ ವೀಸಾ ಬಾಗ್ದಾದಿಗೆ ನಡೆಯುತ್ತಿರಲಿಲ್ಲ. ಅದನ್ನು ವಿವರಿಸಲು ನನಗೆ ಮೂರು ಟ್ರಿಪ್ಪು, ಮೂರು ದಿನದ ಸಂಬಳ. ಏಜೆಂಟನಂತೂ ಕೊನೆಯವರೆಗೂ 'ದುಬೈ ಹತ್ತಿರವೇ' ಅನ್ನುತ್ತಿದ್ದ. 2014ರಲ್ಲಿ ಗಾಬರಿಯಿಂದ ಒಂದು ಸಹಾಯದ ನಂಬರಿಗೆ ಫೋನ್ ಮಾಡಿದರೆ, 'ನೀವು ಬಾಗ್ದಾದ್ ಏರ್‌ಪೋರ್ಟಿಗೆ ಬಂದುಬಿಡಿ' ಎಂಬ ಸಲಹೆ. ನಡುವಿನ ದಾರಿಯಲ್ಲಿ ಯುದ್ಧ! ತಿಕ್ರಿತ್ ಊರಿನಲ್ಲಿ ಸಿಕ್ಕಿಬಿದ್ದಿದ್ದ ನಮ್ಮ ದೇಶದ 46 ನರ್ಸುಗಳು ಊರಿಗೆ ವಿಮಾನ ಹತ್ತಿದ್ದು ಎರ್ಬಿಲಿನಿಂದಲೇ ಅಲ್ವಾ? ಆವಾಗಲೂ ಯಾರೂ ಮ್ಯಾಪು ಬಿಚ್ಚಿ ನೋಡಲಿಲ್ಲ. ನಮ್ಮ ಸಾಹೇಬರುಗಳ ಕಣ್ಣಿಗೆ ನಕಾಶೆಯಲ್ಲಿ ಮಂಗಳೂರಿನಿಂದ ಆಚೆಗೆ ದುಬೈ ಒಂದೇ ಕಾಣುವುದು.

ಇನ್ನೂ ಒಂದು. ಕಳೆದ ವರ್ಷ, 2025ರಲ್ಲಿ, ದುಹೋಕ್ ಗಲ್ಫ್ ಕ್ಲಬ್ಬುಗಳ ಕಪ್ ಗೆದ್ದಿತು. ಝಾಖೋ ಎಂಬ ಇನ್ನೊಂದು ಕುರ್ದಿ ಊರಿನ ಅಭಿಮಾನಿಗಳು ಕಾಯಿಲೆಯ ಮಕ್ಕಳಿಗೆ ಕೊಡಲೆಂದು ಮೈದಾನದ ತುಂಬ ಆಟದ ಗೊಂಬೆ ಎಸೆದರು. ಫಿಫಾ ಅವರಿಗೆ ಆ ವರ್ಷದ ಅಭಿಮಾನಿಗಳ ಪ್ರಶಸ್ತಿ ಕೊಟ್ಟಿತು. ನಿಮ್ಮಲ್ಲಿ ಒಂದು ಸಾಲೂ ಬರಲಿಲ್ಲ. ಅವತ್ತು ಬರೆಯದಿದ್ದದ್ದೇ ವಾಸಿಯೇನೋ, ಬರೆದಿದ್ದರೆ ಝಾಖೋವನ್ನು ಎಲ್ಲಿಗೆ ಕೊಂಡೊಯ್ದು ಇಡುತ್ತಿದ್ದಿರೋ.

ಆದ್ದರಿಂದ ತಪ್ಪಾಯಿತು ಅಂತ ಅದೇ ಪುಟದಲ್ಲಿ, ಅದೇ ದಪ್ಪ ಅಕ್ಷರದಲ್ಲಿ ಹಾಕಿ. ಅಥವಾ ಹಳದಿ ಜರ್ಸಿಯ ಫೋಟೋ ಸಮೇತ ಅರ್ಧ ಪುಟ ಸರಿಯಾಗಿ ಬರೆಸಿ. ಎರಡೂ ಮಾಡಿದರೆ ಒಳ್ಳೆಯದು. ಆಗದಿದ್ದರೆ ಇನ್ನು ಮುಂದೆ ಎರ್ಬಿಲ್ ಬಗ್ಗೆ ಬರೆಯಲೇ ಬೇಡಿ. ಅಲ್ಲ, ಬರೆಯಿರಿ, ಆದರೆ ಗೊತ್ತಿದ್ದವರನ್ನು ಕೇಳಿ ಬರೆಯಿರಿ. ಆ ಕಚೇರಿಗಳವರಿಗೂ ಯಾರಾದರೂ ಒಂದೊಂದು ಮ್ಯಾಪು ತೆಗೆದುಕೊಡಿ. ನಾಲ್ಕು ಪ್ರತಿ ಮಡಿಸಿದ ಹಾಗೇ ಇವೆ, ವಾಪಸ್ ತಗೊಳ್ಳುವುದಾದರೆ ತಿಳಿಸಿ. ಐದನೆಯದು ಮಾವನವರ ಹತ್ತಿರ ಇದೆ. ಅವರು ಓದಿ ನೋಡಿ, 'ಅರಬ್ ಅಂತಲೇ ಇದೆಯಲ್ಲ, ದುಬೈಯೇ ಸರಿ' ಅಂದಿದ್ದಾರೆ.

ಇಂತಿ,
ಹಳೇ ಎಸಿ ಮೆಕ್ಯಾನಿಕ್,
ಕುಂದಾಪುರ