ಗುಡ್ಡದ ಗಳಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಾನ್ಯ ಸಂಪಾದಕರೇ,

ಸಂಡೂರಿನಲ್ಲಿ ಹೊಸ ಗಣಿಯ ಮಾತು ಬಂದಾಗಲೆಲ್ಲ ಎಷ್ಟು ಜನಕ್ಕೆ ಕೆಲಸ ಸಿಗುತ್ತದೆ ಅಂತ ಹೇಳುತ್ತಾರೆ. ಎಷ್ಟು ಜನರ ಕಸುಬು ಹೋಗುತ್ತದೆ ಅಂತ ಯಾರೂ ಹೇಳುವುದಿಲ್ಲ. ನಮ್ಮದು ವಾಲ್ಮೀಕಿ ನಾಯಕರ ಮನೆ. ಸ್ವಲ್ಪ ಮಳೆ ಆಧಾರಿತ ಹೊಲ, ಹದಿನೈದು ಮೇಕೆ, ಗುಡ್ಡದಿಂದ ತರುತ್ತಿದ್ದ ಸೀತಾಫಲ, ಹುಣಸೆ, ಸೌದೆ, ಇಷ್ಟರಲ್ಲೇ ನಮ್ಮಜ್ಜಿ ಮನೆ ನಡೆಸಿದಳು. ಇದ್ಯಾವುದಕ್ಕೂ ರಸೀದಿ ಇಲ್ಲ ನೋಡಿ, ಹಾಗಾಗಿ ಪರಿಹಾರದ ಪಟ್ಟಿಯಲ್ಲೂ ಇಲ್ಲ. ಮೇಯಿಸುವ ಜಾಗ ಹೋದ ಮೇಲೆ ಮೇಕೆ ಮಾರಿದೆವು.

ಚೀನಾದಿಂದ ಬೇಡಿಕೆ ಬಂದು ಕಬ್ಬಿಣದ ಅದಿರಿನ ರೇಟು ಏರಿದಾಗ ದುಡ್ಡೇ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಅದನ್ನು ನೋಡಿಯೇ ನಮ್ಮ ದೊಡ್ಡಪ್ಪ ಹೊಲ ಅಡ ಇಟ್ಟು, ಮೇಲೆ ಸಾಲ ಮಾಡಿ ಲಾರಿ ತಂದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಅಷ್ಟೊಂದು ಅಕ್ರಮ ನಡೆದಿತ್ತು, ನಿಲ್ಲಿಸಿದ್ದು ಸರಿಯೇ. ಆದರೆ ಕೋಟಿ ಎಣಿಸಿದವರು ಯಾರೋ, ಕಂತು ಕಟ್ಟಲಾಗದೆ ಸಿಕ್ಕಿಕೊಂಡವರು ನಾವು. ಲಾರಿ ಎಂಟು ತಿಂಗಳು ಮನೆ ಮುಂದೆ ನಿಂತಿತ್ತು, ಟೈರಿನ ಸುತ್ತ ಹುಲ್ಲು ಬೆಳೆದಿತ್ತು, ಆಮೇಲೆ ಫೈನಾನ್ಸ್‌ನವರು ಬಂದು ಎಳೆದುಕೊಂಡು ಹೋದರು. ಅಡ ಇಟ್ಟ ಹೊಲವೂ ಕೈ ಬಿಟ್ಟಿತು.

ಈಗ ನಮ್ಮ ಪಾಲಿಗೆ ಉಳಿದಿರುವ ಎರಡೆಕರೆ ರಸ್ತೆ ಪಕ್ಕದಲ್ಲಿದೆ. ಟಿಪ್ಪರ್‌ಗಳು ಓಡಾಡಿ ಮೆಕ್ಕೆಜೋಳದ ಸುಳಿಯೊಳಗೆ ಧೂಳು ಕೂತಿರುತ್ತದೆ, ಬೆರಳು ಹಾಕಿದರೆ ಕೆಂಪಗಾಗುತ್ತದೆ. ಸೊಪ್ಪೆಯನ್ನು ಎಷ್ಟು ಒದರಿ ಹಾಕಿದರೂ ಎಮ್ಮೆ ಮೂಸಿ ಮುಖ ತಿರುಗಿಸುತ್ತದೆ. ಮೇವನ್ನು ದುಡ್ಡು ಕೊಟ್ಟು ತರುತ್ತೇವೆ. ಗಣಿಯಲ್ಲಿ ಮೊದಲು ಅದಿರು ಒಡೆದು ಲೋಡ್ ಮಾಡುವ ಕೂಲಿಯಾದರೂ ಇತ್ತು, ಈಗ ಜಾಸ್ತಿ ಕೆಲಸ ಯಂತ್ರದ್ದೇ.

ನಮ್ಮ ಹೆಸರಲ್ಲಿ ದುಡ್ಡೇನೋ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೆ ಗುತ್ತಿಗೆಯವರು ಸರ್ಕಾರಕ್ಕೆ ಕೊಡುವ ರಾಜಧನದ (ರಾಯಲ್ಟಿ) ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಅದಕ್ಕೆ ಕಟ್ಟಬೇಕು. ಗಣಿಯಿಂದ ತೊಂದರೆಯಾದವರ ಹಿತಕ್ಕೆ ಅಂತಲೇ ಇರುವ ಹಣ ಅದು. ಆದರೆ ತೊಂದರೆಯಾದವರು ಯಾರು ಅಂತ ನಮ್ಮ ಊರಲ್ಲಿ ಮನೆ ಮನೆಗೆ ಬಂದು ಕೇಳಿದವರಿಲ್ಲ. ಕಟ್ಟಡ, ರಸ್ತೆ ಬೇಡ ಅಂತಲ್ಲ. ಮೇಕೆ ಕಳೆದುಕೊಂಡವರಿಗೆ ಮೇಕೆ ಕೊಡಿ, ಧೂಳು ಬಿದ್ದ ಹೊಲಕ್ಕೆ ಪ್ರತಿ ವರ್ಷ ಬೆಳೆ ನಷ್ಟ ಕೊಡಿ, ಕೊಳವೆಬಾವಿ ಹಾಕಿಸಿಕೊಡಿ.

ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ, ಅಂದರೆ ಬುಡಕಟ್ಟು ಜನರಿಗಾಗಿ ಸಂವಿಧಾನದಡಿ ಗುರುತಿಸಿದ ಪ್ರದೇಶವೇ ಇಲ್ಲ, ಗ್ರಾಮಸಭೆಯನ್ನು ಯಾಕೆ ಕೇಳಬೇಕು ಅನ್ನುವವರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಗೆ ಆ ಗೆರೆ ಇಲ್ಲ, ಅಂಥ ಪ್ರದೇಶದ ಹೊರಗೂ ಅದು ನಡೆಯುತ್ತದೆ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಅದೇ ಕಾಯ್ದೆ ಹಿಡಿದು ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನು ಕೇಳಿ ಅಂದಿತು, 12 ಹಳ್ಳಿಗಳೂ ಬಾಕ್ಸೈಟ್ ಗಣಿ ಬೇಡ ಅಂದವು. ಆ ಗುಡ್ಡದಲ್ಲಿ ಡೋಂಗ್ರಿಯಾ ಕೊಂಧ ಬುಡಕಟ್ಟಿನವರು ಅನಾನಸ್, ಅರಿಶಿನ ಬೆಳೆದು ಸಂತೆಗೆ ಹೊತ್ತು ತರುತ್ತಾರೆ. ಗುಡ್ಡದ ಗಳಿಕೆ ಎಷ್ಟು ಅಂತ ಅವರಿಗೆ ಗೊತ್ತು. ನಮಗೂ ಗೊತ್ತಿದೆ, ಕೇಳುವವರು ಬೇಕು ಅಷ್ಟೇ.

ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಇಷ್ಟು. ಖನಿಜ ಪ್ರತಿಷ್ಠಾನದ ಮುಂದಿನ ಕ್ರಿಯಾಯೋಜನೆ ಸಿದ್ಧವಾಗುವ ಮೊದಲು ಊರಿಗೆ ಬನ್ನಿ. ಸಭೆಯನ್ನು ಸಂಜೆ ಇಡಿ, ಹಗಲಲ್ಲಿ ಹೆಂಗಸರೆಲ್ಲ ಕೂಲಿಗೆ ಹೋಗಿರುತ್ತಾರೆ.

ಒಬ್ಬ ಓದುಗ, ಸಂಡೂರು ತಾಲ್ಲೂಕು